ಶಾಲು ಸಾಕು, ಪಿಟೀಲು ಬೇಕು

ರಾಜ್ಯೋತ್ಸವದ ವೇದಿಕೆಯಲ್ಲಿ ನಾವು ಏಳು ತಂತಿಯ ಪಿಟೀಲಿನ ಚೌಡಯ್ಯನವರ ಹೆಸರೆತ್ತಿ ಎದೆಯುಬ್ಬಿಸುತ್ತೇವೆ. ಅವರು ಬಿಡಾರಂ ಕೃಷ್ಣಪ್ಪನವರ ಆಶ್ರಯದಲ್ಲಿ ಪಳಗಿದವರೆಂಬುದನ್ನು ಮರೆಯುತ್ತೇವೆ. ದಾದರಿನ ಇಕ್ಕಟ್ಟಾದ ಮನೆಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅಂಥ ಆಶ್ರಯ ಕೊಡುವವರಾರು?

ಸಮೀಪದ ಕಿಂಗ್ಸ್ ಸರ್ಕಲ್‌ನಲ್ಲಿ, 1952ರಲ್ಲಿ ಹುಟ್ಟಿದ ಷಣ್ಮುಖಾನಂದ ಸಭೆ ವೀಣೆ, ಪಿಟೀಲು ಕಲಿಸುವ ವಿದ್ಯಾಲಯವನ್ನೇ ನಡೆಸುತ್ತಿದೆ. ನಮ್ಮ ಸಂಘಗಳಿಗೇನು ಧಾಡಿ? ಎಳೆಯರಿಗೆ ಬೇಕಾದದ್ದು ಅರ್ಧ, ಮುಕ್ಕಾಲು ಅಳತೆಯ ಪಿಟೀಲು. ಕೈ ಬೆಳೆದಂತೆ ಅದೂ ಬದಲಾಗಬೇಕು. ಪ್ರತಿ ಬಾರಿ ಕೊಳ್ಳುವುದು ತಂದೆತಾಯಿಗೆ ಹೊರೆ. ಸಂಘವೇ ಕೊಂಡಿಟ್ಟರೆ ಒಂದು ವಾದ್ಯ ಹಲವು ಮಕ್ಕಳ ಕೈಗೆ ಒದಗೀತು. ವಾರವಿಡೀ ಬೀಗ ಬಿದ್ದಿರುವ ಸಭಾಗೃಹವನ್ನೂ ಪಾಠಕ್ಕೆ ತೆರೆಯಬಹುದು.

ಮುಂದಿನ ವಾರ್ಷಿಕ ಸಭೆಯಲ್ಲಿ ಜಮಾಖರ್ಚು ಓದುವಾಗ ನಾವು ಕೇಳೋಣ: ಈ ವರ್ಷ ಶಾಲು ಎಷ್ಟು, ಪಿಟೀಲು ಎಷ್ಟು?