ಸರದಿಯ ವಿಚಾರ

ಭಾನುವಾರಗಳಂದು ನಮ್ಮ ಮನೆಯ ನಡುಮನೆಯಲ್ಲಿ ಐದಾರು ಮಂದಿ ಮಕ್ಕಳು ಮೇಜಿನ ಸುತ್ತ ಕುಳಿತು ಆಡುವ ಆಟವೊಂದುಂಟು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂದು ಅದರ ಹೆಸರು; ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಇದು 1974ರಲ್ಲಿ ಪ್ರಕಟವಾಯಿತು. ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಸುವನು. ಉಳಿದವರು ಒಬ್ಬೊಬ್ಬ ವೀರನ ಪಾತ್ರವನ್ನು ಧರಿಸಿ, ತಾವು ಮಾಡತಕ್ಕ ಕಾರ್ಯವನ್ನು ಬಾಯಲ್ಲಿ ಹೇಳುವರು. ಅದು ಸಿದ್ಧಿಸಿತೇ ಇಲ್ಲವೇ ಎಂಬುದನ್ನು ದಾಳವು ನಿರ್ಣಯಿಸುವುದು. ನಮ್ಮಲ್ಲಿ ಸೂತ್ರಧಾರನು ನನ್ನ ಮೊಮ್ಮಗನೇ.

ಒಂದು ಭಾನುವಾರ ಕಥೆಯಲ್ಲಿ ಯುದ್ಧವು ಒದಗಿತು. "ಈಗ ಏನು ಮಾಡುತ್ತೀರಿ?" ಎಂದು ಅವನು ಕೇಳಿದ್ದೇ ತಡ, ಗಟ್ಟಿ ಗಂಟಲಿನ ಇಬ್ಬರು ಹುಡುಗರು ಖಡ್ಗವನ್ನು ಬೀಸಿ, ಬಾಣಗಳನ್ನು ಬಿಟ್ಟು, ರಾಕ್ಷಸರನ್ನೆಲ್ಲ ಮುಗಿಸಿಬಿಟ್ಟರು. ಎದುರು ಮನೆಯ ಹುಡುಗಿ ಎರಡು ಸಾರಿ ಬಾಯಿ ತೆರೆದಳು. ಎರಡು ಸಾರಿಯೂ ಮುಚ್ಚಿದಳು. ಮುಂದಿನ ವಾರ ಅವಳು ಬರಲಿಲ್ಲ. "ಅವಳಿಗೆ ಆಸಕ್ತಿಯಿಲ್ಲ, ತಾತ" ಎಂದನು ಮೊಮ್ಮಗ. ಈ ಮಾತನ್ನು ನಾನು ಚೆನ್ನಾಗಿ ಬಲ್ಲೆನು. ಮೂವತ್ತು ವರ್ಷ ಹಿಂದಿನ ಬೆಂಚಿನವರ ವಿಷಯದಲ್ಲಿ ನಾನೂ ಇದನ್ನೇ ಹೇಳಿದವನು. ಕೈಯೆತ್ತಿದವರನ್ನೇ ಕೇಳಿ, ಪಾಠವು ಸುಗಮವಾಗಿ ಸಾಗಿತೆಂದು ಸಂತೋಷದಿಂದ ಮನೆಗೆ ಬಂದವನು.

"ನಿನ್ನ ಪುಸ್ತಕದಲ್ಲಿ ಸರದಿಗೆ ನಿಯಮವಿಲ್ಲವೇನಪ್ಪ?" ಎಂದೆನು. ಉಂಟಂತೆ, ಲೆಕ್ಕದಲ್ಲಿ ಹೊತ್ತು ಹೋಗುವುದೆಂದು ಕೈಬಿಟ್ಟಿದ್ದನಂತೆ! ತರಿಸಿ ಓದಿದೆನು. ಯುದ್ಧಾರಂಭದಲ್ಲಿ ಪ್ರತಿಯೊಬ್ಬನೂ ಇಪ್ಪತ್ತು ಮುಖಗಳ ದಾಳವನ್ನು ಒಮ್ಮೆ ಉರುಳಿಸಿ, ಬಿದ್ದ ಸಂಖ್ಯೆಗೆ ತನ್ನ ಪಾತ್ರದ ಚುರುಕುತನದ ಅಂಕವನ್ನು ಕೂಡಿಸತಕ್ಕದ್ದು. ಹೆಚ್ಚು ಬಂದವನು ಮೊದಲು, ಕಡಮೆ ಬಂದವನು ಕಡೆಗೆ. ಯುದ್ಧವು ಮುಗಿಯುವವರೆಗೆ ಅದೇ ಕ್ರಮವು ಸುತ್ತಿ ಸುತ್ತಿ ಬರುವುದು. ಒಂದು ಸುತ್ತೆಂದರೆ ಕಥೆಯ ಕಾಲದಲ್ಲಿ ಸುಮಾರು 6 ಸೆಕೆಂಡು ಮಾತ್ರ. ಒಂದೇ ಜಾತಿಯ ಶತ್ರುಗಳ ಗುಂಪಿಗೆ ಸೂತ್ರಧಾರನು ಒಂದೇ ದಾಳವನ್ನು ಹಾಕಿದರೆ ಸಾಕು.

ಇದು 2000ದ ಆವೃತ್ತಿಯಿಂದ ನೆಲೆನಿಂತ ಪದ್ಧತಿ. 1981ರ ಪ್ರವೇಶ ಪುಸ್ತಕದಲ್ಲಿ ಪಕ್ಷಕ್ಕೊಂದರಂತೆ ಆರು ಮುಖದ ದಾಳ, ಅದೂ ಪ್ರತಿ ಸುತ್ತಿಗೂ ಹೊಸದಾಗಿ. ಶೀಘ್ರವಾದುದೇನೋ ನಿಜ, ಆದರೆ ಸರದಿ ಪಕ್ಷಕ್ಕೆ ಬಂದಾಗ ಪಕ್ಷದೊಳಗೆ ಮೊದಲು ಮಾತಾಡುವವರಾರು? ಪುನಃ ಗಟ್ಟಿ ಗಂಟಲಿನವನೇ. ಆದುದರಿಂದ ನನ್ನ ಮತವು ಹೊಸ ಪದ್ಧತಿಗೇ.

ಇಲ್ಲಿ ಹಳೆಯ ಮೇಷ್ಟರ ಒಂದು ಚಪಲವನ್ನು ವಾಚಕರು ಕ್ಷಮಿಸಬೇಕು. ಸರದಿಗೆ ಸಂಸ್ಕೃತದಲ್ಲಿ ಪರ್ಯಾಯವೆಂದು ಹೆಸರು. ಕ್ರಮವನ್ನು ಮೀರದೆ ಬರುವುದೆಂಬ ಅರ್ಥದಲ್ಲಿ ಈ ಶಬ್ದವನ್ನು ಸಾಧಿಸುವುದಕ್ಕೆ ಪಾಣಿನಿಯು ಒಂದು ಸೂತ್ರವನ್ನೇ ಮಾಡಿದ್ದಾನೆ. ನಾವಾದರೋ ಅದನ್ನು 'ಬದಲಿ' ಎಂಬರ್ಥದಲ್ಲಿ ಸವೆಸಿಬಿಟ್ಟೆವು. ಎಂಟು ಮಠಗಳು ಎರಡೆರಡು ವರ್ಷ ಕೃಷ್ಣಪೂಜೆಯನ್ನು ವಹಿಸಿಕೊಳ್ಳುವ ಉಡುಪಿಯಲ್ಲಿ ಮೂಲಾರ್ಥವು ಇನ್ನೂ ಉಳಿದಿದೆ.

ಹೊತ್ತು ಹೋಗುವುದೆಂಬ ಆಕ್ಷೇಪಕ್ಕೆ ನಾವಿಬ್ಬರೂ ಕೂಡಿ ಪರಿಹಾರವನ್ನು ಯೋಚಿಸಿದೆವು. ಯುದ್ಧ ಒದಗಿದ ಮೇಲೆ ಲೆಕ್ಕಕ್ಕೆ ಕೂಡುವ ಬದಲು, ಆಟ ತೊಡಗುವ ಮೊದಲೇ ಎಲ್ಲರಿಂದಲೂ ದಾಳವನ್ನು ಹಾಕಿಸಿ ಬರೆದಿಟ್ಟುಕೊಳ್ಳುವುದು. ಹೆಸರುಗಳನ್ನು ಮಡಿಸಿದ ರಟ್ಟಿನ ಚೀಟಿಗಳಲ್ಲಿ ಬರೆದು, ಎಲ್ಲರಿಗೂ ಕಾಣುವಂತೆ ಕ್ರಮವಾಗಿ ನಿಲ್ಲಿಸುವುದು. ಮುಖ್ಯವಾದುದೆಂದರೆ, "ಈಗ ನೀನು, ಅನಂತರ ಅವನು" ಎಂದು ಇಬ್ಬರ ಹೆಸರನ್ನೂ ಒಟ್ಟಿಗೆ ಹೇಳುವುದು. ಎರಡನೆಯವನು ಅಷ್ಟರಲ್ಲಿ ಆಲೋಚಿಸಿ ಸಿದ್ಧನಾಗಿರುವನು. ಅರ್ಧ ಹೊತ್ತು ಉಳಿಯುವುದು ಇದೊಂದರಿಂದಲೇ.

ಮೊಮ್ಮಗನು ತಾನೇ ಎದುರು ಮನೆಗೆ ಹೋಗಿ ಅವಳನ್ನು ಕರೆತಂದನು. ದಾಳದಲ್ಲಿ ಅವಳಿಗೆ ಬಿದ್ದದ್ದು 3. ಸರದಿ ಎಲ್ಲರಿಗಿಂತ ಕಡೆಯದು. ನನಗೆ ತುಸು ಕಳವಳವೇ ಆಯಿತು. ಆದರೆ ಅವಳ ಚೀಟಿಯ ಬಳಿಗೆ ಬಂದಾಗ ಮೇಜು ನಿಶ್ಶಬ್ದವಾಗಿದ್ದಿತು. "ನಾನು ಯಾರನ್ನೂ ಹೊಡೆಯುವುದಿಲ್ಲ. ಹಿಂದಿನ ಬಾಗಿಲನ್ನು ಮುಚ್ಚಿ ಅಗುಳಿ ಹಾಕುತ್ತೇನೆ" ಎಂದಳು. ಶತ್ರುಗಳು ಒಳಕ್ಕೆ ಬರುತ್ತಿದ್ದುದು ಆ ಬಾಗಿಲಿನಿಂದಲೇ ಎಂಬುದನ್ನು ಅದುವರೆಗೆ ಯಾರೂ ಗಮನಿಸಿರಲಿಲ್ಲ. ಹುಡುಗರಿಬ್ಬರೂ ಒಮ್ಮೆಲೇ ಏನೋ ಹೇಳಹೊರಟರು. ಮೊಮ್ಮಗನು ಅವಳ ಚೀಟಿಯ ಮೇಲೆ ಬೆರಳಿಟ್ಟು, "ಅವಳು ಇನ್ನೂ ಮುಗಿಸಿಲ್ಲ" ಎಂದನು.