ಭಯದ ರುಚಿ

ಭೀಕರ ಚಲನಚಿತ್ರಗಳನ್ನು ನೋಡುವ ಯುವಜನರು ಸೈತಾನನ ಬಲೆಗೆ ಬೀಳುವರೆಂದು ನಮ್ಮ ಕೆಲವು ಬೋಧಕರು ಗುಡುಗುತ್ತಾರೆ. ಇದು ದುಡುಕಿನ ಮಾತು. ಭಯಾನಕ, ಬೀಭತ್ಸಗಳನ್ನು ಭರತಮುನಿ ರಸಗಳೆಂದೇ ಎಣಿಸಿದ. 1973ರ ‘ದಿ ಎಕ್ಸಾರ್ಸಿಸ್ಟ್’ ಚಿತ್ರದ ಮೂಲ ಕಾದಂಬರಿಯನ್ನು ಬರೆದ ವಿಲಿಯಂ ಪೀಟರ್ ಬ್ಲಾಟಿ ಕಥೋಲಿಕರು. ಅದರಲ್ಲಿ ಬಾಲಕಿಯೊಬ್ಬಳನ್ನು ಉಳಿಸಲು ಯಾಜಕನು ತನ್ನ ಪ್ರಾಣವನ್ನೇ ತೆರುತ್ತಾನೆ. ವಾಂತಿಯನ್ನಷ್ಟೇ ಕಂಡು ಆ ಬಲಿದಾನವನ್ನು ಕಾಣದೆ ಹೋದರೆ ತಪ್ಪು ಯಾರದು?

ಸಂತ ಅಗಸ್ಟೀನರ ಆಕ್ಷೇಪ ಇದಕ್ಕಿಂತ ಹರಿತವಾದುದು. ಛಿದ್ರಗೊಂಡ ಶವವನ್ನು ನೋಡಲು ಜನರು ಓಡುವುದನ್ನು ಅವರು ತಮ್ಮ ಆತ್ಮಕಥನದಲ್ಲಿ ಗುರುತಿಸಿದರು. ನಾಟಕದ ಪ್ರೇಕ್ಷಕನನ್ನು ಯಾರೂ ನೆರವಿಗೆ ಕರೆಯುವುದಿಲ್ಲ, ದುಃಖಿಸಲು ಮಾತ್ರ ಕರೆಯುತ್ತಾರೆ ಎಂದೂ ಬರೆದರು. ಭಯ, ಜುಗುಪ್ಸೆಗಳ ಸುಖದ ಗುಟ್ಟೂ ಇದೇ. ಅಲ್ಲಿ ಓಡಿ ತಪ್ಪಿಸಿಕೊಳ್ಳಬೇಕಿಲ್ಲ, ಗಾಯ ತೊಳೆಯಬೇಕಿಲ್ಲ, ದುರ್ವಾಸನೆಯಂತೂ ಇಲ್ಲವೇ ಇಲ್ಲ. ಹೊಣೆಯಿಲ್ಲದ್ದರಿಂದಲೇ ರುಚಿ.

ಹಾಗಾದರೆ, ನರಕದ ಬೆಂಕಿಯನ್ನು ಬಣ್ಣಿಸಿ, ಸಭಿಕರನ್ನು ಹಿತವಾಗಿ ನಡುಗಿಸಿ, ನೆರೆಯವನ ಹೊಣೆಯೊಂದನ್ನೂ ಹೊರಿಸದೆ ಮನೆಗೆ ಕಳುಹಿಸುವ ಪ್ರಬೋಧನೆ ಯಾವ ಬಗೆಯದು? ಟಿಕೆಟ್ ಇಲ್ಲದ ಭೀಕರ ಚಿತ್ರವಲ್ಲವೇ? ಪರದೆಯ ಮೇಲೆ ರಕ್ತ, ಕೀವು ನೋಡಿ ಬಂದ ಹುಡುಗ ಹಾಸಿಗೆಹುಣ್ಣಾದ ತನ್ನ ಅಜ್ಜನ ಬಳಿ ಮೂಗು ಮುಚ್ಚದೆ ಕೂರಬಲ್ಲನೇ ಎಂಬುದನ್ನು ಬೋಧಕರು ವಿಚಾರಿಸಲಿ. ವಿಚಾರಿಸುವ ಮುನ್ನ ತಾವೂ ಅಲ್ಲಿ ಅರ್ಧ ಗಂಟೆ ಕುಳಿತು ಬರಲಿ.