ಇಬ್ಬರು ತಾಯಂದಿರನ್ನು ಒಂದೆಡೆ ಕೂರಿಸಿ: ಕೋಲಾರ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಮಕ್ಕಳ ವಿರಳ ಕಾಯಿಲೆ ಎಂದೊಡನೆ ಕೋಟಿ ರೂಪಾಯಿಯ ಇಂಜೆಕ್ಷನ್ನಿನ ಮಾತು ಬರುತ್ತದೆ. ಅದು ದೆಹಲಿಗೋ ಬೆಂಗಳೂರಿಗೋ ಸೇರಿದ ವಿಷಯ, ಜಿಲ್ಲೆಯ ಕೈಯಲ್ಲಿ ಏನಿದೆ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಈ ಪತ್ರ ಇಂಜೆಕ್ಷನ್ ಕೇಳುತ್ತಿಲ್ಲ. ಇಂಥ ಕಾಯಿಲೆಗಳಲ್ಲಿ ಜಿಲ್ಲಾಡಳಿತವೇ ಮಾಡಬೇಕಾದ, ಬೇರೆ ಯಾರೂ ಮಾಡಲಾಗದ ಕೆಲಸವೊಂದಿದೆ. ಕೋರಮಂಡಲ್‌ನ ಗಣಿ ಕಾರ್ಮಿಕರ ಲೈನ್ ಮನೆಯಲ್ಲೊಂದು, ಬೂದಿಕೋಟೆಯಲ್ಲೊಂದು, ಬೇತಮಂಗಲದಲ್ಲೊಂದು ಎಂದು ಚದುರಿಹೋಗಬಹುದಾದ ಕುಟುಂಬಗಳು ಒಂದನ್ನೊಂದು ಕಾಣುವಂತೆ ಮಾಡುವುದು. ಇದನ್ನು ದಯೆಯ ಮಾತಾಗಿ ಹೇಳುತ್ತಿಲ್ಲ. ಕಾಯಿಲೆಯನ್ನು ಗುರುತಿಸುವ ದಾರಿಯೂ ಇದೇ ಎಂಬುದು ನನ್ನ ವಾದ.

ರೆಟ್ ಸಿಂಡ್ರೋಮನ್ನೇ ತೆಗೆದುಕೊಳ್ಳಿ. ಬಹುಪಾಲು ಹೆಣ್ಣುಮಕ್ಕಳಿಗೇ, ಸುಮಾರು 10,000ಕ್ಕೆ ಒಬ್ಬರಂತೆ ಬರುವ ಮೆದುಳಿನ ಆನುವಂಶಿಕ ಕಾಯಿಲೆಯಿದು. ಹುಟ್ಟಿ ಆರು ತಿಂಗಳೋ ಒಂದೂವರೆ ವರ್ಷವೋ ಆಗುವವರೆಗೆ ಮಗು ಹೆಚ್ಚುಕಡಿಮೆ ಎಲ್ಲರಂತೆಯೇ ಬೆಳೆಯುತ್ತದೆ. ಆಮೇಲೆ ಕಲಿತ ಮಾತು ನಿಲ್ಲುತ್ತದೆ; ಆಟಿಕೆ ಹಿಡಿಯುತ್ತಿದ್ದ ಕೈಗಳು ಅದನ್ನು ಬಿಟ್ಟು ಒಂದನ್ನೊಂದು ಹೊಸೆಯುತ್ತಲೇ ಇರುತ್ತವೆ. ಫಿಟ್ಸ್, ಉಸಿರಾಟದ ಏರುಪೇರು, ಬೆನ್ನುಮೂಳೆಯ ಬಾಗು ಹಿಂದೆಯೇ ಬರಬಹುದು. ವಿಯೆನ್ನಾದ ಮಕ್ಕಳ ವೈದ್ಯ ಆಂಡ್ರಿಯಾಸ್ ರೆಟ್ ಇದನ್ನು ಗಮನಿಸಿದ್ದು 1954ರಲ್ಲಿ, ತಮ್ಮ ದವಾಖಾನೆಯಲ್ಲಿ ಸರದಿಗಾಗಿ ಕಾದು ಕುಳಿತಿದ್ದ ಇಬ್ಬರು ಹುಡುಗಿಯರ ಕೈಗಳು ಒಂದೇ ರೀತಿ ಆಡುತ್ತಿದ್ದುದನ್ನು ಕಂಡಾಗ. ಅವರು 1966ರಲ್ಲಿ ಬರೆದ ಲೇಖನ ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. 1983ರಲ್ಲಿ ಸ್ವೀಡನ್ನಿನ ಬೆಂಗ್ಟ್ ಹಾಗ್‌ಬರ್ಗ್ ಮತ್ತು ಸಂಗಡಿಗರು 35 ಹುಡುಗಿಯರ ವಿವರಗಳನ್ನು ಒಟ್ಟಿಗೆ ಪ್ರಕಟಿಸಿದ ಮೇಲೆ ವೈದ್ಯಲೋಕ ಎಚ್ಚೆತ್ತಿತು. ಕಾರಣವಾದ ಎಂಇಸಿಪಿ2 ಜೀನನ್ನು ಹುಡಾ ಜೋಗ್ಬಿ ಅವರ ತಂಡ 1999ರಲ್ಲಿ ಪತ್ತೆಹಚ್ಚಿತು. ಒಂದೊಂದೇ ಮಗುವನ್ನು ನೋಡಿದಾಗ ಹಣೆಬರಹದಂತೆ ಕಂಡದ್ದು ಇಬ್ಬರನ್ನು ಒಟ್ಟಿಗೆ ನೋಡಿದಾಗ ಕಾಯಿಲೆಯಾಗಿ ಕಂಡಿತು.

ಈ ಪಾಠ ಚಿನ್ನದ ಗಣಿಯ ಊರಾದ ನಮ್ಮ ಕೆಜಿಎಫ್‌ಗೆ ಹೊಸದಲ್ಲ. ಕೆಮ್ಮುತ್ತಿದ್ದ ಒಬ್ಬೊಬ್ಬ ಕಾರ್ಮಿಕನ ಸಂಕಟ ಅವನ ಮನೆಯೊಳಗೇ ಉಳಿಯುತ್ತಿತ್ತು. ಇಲ್ಲಿನ 7,653 ಕಾರ್ಮಿಕರನ್ನು ಪರೀಕ್ಷಿಸಿ, ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಇದೆಯೆಂದು 1947ರಲ್ಲಿ ವರದಿಯಾದಾಗ ಅದು ಯಾರೂ ತಳ್ಳಿಹಾಕಲಾಗದ ಸಾರ್ವಜನಿಕ ಪ್ರಶ್ನೆಯಾಯಿತು. ಎಣಿಸದ ಕಾಯಿಲೆಗೆ ಕಚೇರಿಯಲ್ಲಿ ಜಾಗವಿರುವುದಿಲ್ಲ.

ಇಷ್ಟು ವಿರಳವಾದದ್ದಕ್ಕೆ ಜಿಲ್ಲೆಯ ಹಣ, ಸಮಯ ಏಕೆ ಎಂಬುದು ಮೊದಲ ಆಕ್ಷೇಪ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 15.36 ಲಕ್ಷ, ಹೆಣ್ಣುಮಕ್ಕಳು ಅದರಲ್ಲಿ ಅರ್ಧದಷ್ಟು. ಅವರಲ್ಲಿ ಹದಿನೆಂಟು ದಾಟದವರು ಎರಡು ಲಕ್ಷವೆಂದು ಹಿಡಿದರೂ, ರೆಟ್ ಇರುವವರೇ ಇಪ್ಪತ್ತರ ಆಸುಪಾಸು ಇರಬೇಕೆಂದು ಲೆಕ್ಕ ಹೇಳುತ್ತದೆ. ಏಂಜಲ್‌ಮನ್ ಸಿಂಡ್ರೋಮ್, ಸ್ನಾಯುಗಳನ್ನು ಕುಗ್ಗಿಸುವ ಎಸ್‌ಎಂಎ, ಡುಷೆನ್‌ನಂಥವನ್ನೂ ಸೇರಿಸಿದರೆ ಸಂಖ್ಯೆ ಇನ್ನೂ ದೊಡ್ಡದು. ಇವೆಲ್ಲಕ್ಕೂ ಬೇಕಾದ ದಾರಿ ಒಂದೇ: ಅಂಗನವಾಡಿಯಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿನ ತಜ್ಞರಿಗೆ, ಮತ್ತೆ ಊರಿನ ಥೆರಪಿಗೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕೆಂದು ನಿಯಮವೇ ಇದೆ. ಮಗು ಏನು ಕಲಿತಿದೆ ಎಂದು ಕೇಳುವಾಗಲೇ, ಕಲಿತದ್ದರಲ್ಲಿ ಏನನ್ನು ಬಿಟ್ಟಿದೆ ಎಂದೂ ಕೇಳಲು ಹೊಸ ಬಜೆಟ್ ಬೇಡ.

ವಾಸಿಯಾಗದ ಕಾಯಿಲೆಗೆ ಹೆಸರಿಟ್ಟು ಏನು ಪ್ರಯೋಜನ ಎಂಬುದು ಎರಡನೆಯದು. ರೆಟ್‌ಗೆಂದೇ ಅಮೆರಿಕದಲ್ಲಿ ಮೊದಲ ಔಷಧಿಗೆ 2023ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದೂ ರೋಗವನ್ನು ವಾಸಿ ಮಾಡುವುದಿಲ್ಲ, ನಿಜ. ಆದರೆ ಹೆಸರು ಗೊತ್ತಾದರೆ ಫಿಟ್ಸ್ ಹತೋಟಿಗೆ ಬರಬಹುದು, ಬೆನ್ನು ಬಾಗುವುದರ ಮೇಲೆ ಕಣ್ಣಿಡಬಹುದು, ಹೃದಯದ ಬಡಿತಕ್ಕೆ ತೊಂದರೆ ಕೊಡಬಲ್ಲ ಕೆಲವು ಮಾತ್ರೆಗಳನ್ನು ದೂರವಿಡಬಹುದು. ಸಾಲ ಮಾಡಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ಪ್ರಯೋಜನ ಮನೆಯೊಳಗಿನದು. ನಮ್ಮ ಸೀಮೆಯಲ್ಲಿ ಸೋದರಮಾವನಿಗೋ ಅತ್ತೆ ಮಗನಿಗೋ ಹೆಣ್ಣು ಕೊಡುವುದು ರೂಢಿ. ರಕ್ತಸಂಬಂಧದ ಮದುವೆಯಿಂದ ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚುವುದು ಸತ್ಯ. ರೆಟ್ ಆ ಗುಂಪಿಗೆ ಸೇರುವುದಿಲ್ಲ. ಅದು ಹೆಚ್ಚೂಕಡಿಮೆ ಯಾವಾಗಲೂ ಹೊಸದಾಗಿ, ಆಕಸ್ಮಿಕವಾಗಿ ಆದ ಜೀನ್ ಬದಲಾವಣೆ. ಮುಂದಿನ ಮಗುವಿಗೂ ಬರುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಸೊಸೆಯ ಕಾಲ್ಗುಣವನ್ನು ದೂರುವ ಮನೆಗೆ ಈ ಒಂದು ಮಾತು ತಲುಪಿದರೆ ಸಂಸಾರ ಉಳಿಯಬಹುದು. ಯಾವ ಕಾಯಿಲೆಗೆ ಯಾವ ಮಾತು ಸಲ್ಲುತ್ತದೆಂದು ಬಿಡಿಸಿ ಹೇಳಲು ಆನುವಂಶಿಕ ಸಲಹೆಗಾರರು ಬೇಕು.

ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ನೂರು ಕಿಲೋಮೀಟರು ದೂರದಲ್ಲೇ ಇದೆಯಲ್ಲ ಎನ್ನುವವರಿದ್ದಾರೆ. 2021ರ ರಾಷ್ಟ್ರೀಯ ವಿರಳ ಕಾಯಿಲೆ ನೀತಿಯಡಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಉತ್ಕೃಷ್ಟತಾ ಕೇಂದ್ರವಾಗಿರುವುದೂ ನಮ್ಮ ಭಾಗ್ಯವೇ. ಆದರೆ ಬೆಂಗಳೂರು ಕೊಡುವುದು ರೋಗನಿರ್ಣಯವನ್ನು. ಮಗುವಿನ ಬದುಕು ನಡೆಯುವುದು ಇಲ್ಲಿ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಇಲ್ಲಿನ ಸಾವಿರಾರು ಜನ ಮಾರಿಕುಪ್ಪಂ, ಬಂಗಾರಪೇಟೆ ರೈಲಿನಲ್ಲಿ ಬೆಂಗಳೂರಿಗೆ ದುಡಿಮೆಗೆ ಹೋಗಿಬರುತ್ತಾರೆ. ನಡೆಯಲಾರದ ಮಗುವನ್ನು ಅದೇ ನೂಕುನುಗ್ಗಲಿನಲ್ಲಿ ಎತ್ತಿಕೊಂಡು ಪ್ರತಿ ವಾರ ಫಿಸಿಯೋಥೆರಪಿಗೆ ಹೋಗುವುದೆಂದರೆ ದಿನದ ಕೂಲಿಯನ್ನೂ ಬಿಡುವುದು. ಇಲ್ಲೇ ಥೆರಪಿ ಕೊಡಲು ಜಾಗವಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ. ವರ್ಷಗಟ್ಟಲೆ ಮುಚ್ಚಿದ್ದ, ಗಣಿ ಕಂಪನಿ ಬಿಜಿಎಂಎಲ್‌ನ ಆಸ್ಪತ್ರೆಯನ್ನು 2021ರ ಕೋವಿಡ್ ಸಮಯದಲ್ಲಿ ಸ್ವಯಂಸೇವಕರು ಗುಡಿಸಿ ತೊಳೆದು ಸಜ್ಜುಗೊಳಿಸಿದ ಊರಿದು.

ಹೆಚ್ಚು ತೂಕದ ಆಕ್ಷೇಪ ಗೌಪ್ಯತೆಯದು. ಇಂಥ ಮಕ್ಕಳ ಪಟ್ಟಿ ಮಾಡಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಒಡಹುಟ್ಟಿದವರ ಮದುವೆಗೆ ತೊಡಕಾಗುತ್ತದೆ ಎಂಬ ಭಯ ಸುಳ್ಳಲ್ಲ. ಆದ್ದರಿಂದ ಹೆಸರು ದಾಖಲಾಗುವುದು ತಂದೆತಾಯಿ ಒಪ್ಪಿದರೆ ಮಾತ್ರ ಆಗಬೇಕು. ಪಟ್ಟಿ ಆಸ್ಪತ್ರೆಯಿಂದಾಚೆ ಹೋಗಬಾರದು. ಒಪ್ಪದವರಿಗೂ ಚಿಕಿತ್ಸೆ, ಅಂಗವಿಕಲರ ಗುರುತಿನ ಕಾರ್ಡು ತಪ್ಪಬಾರದು. ಮುಚ್ಚಿಟ್ಟ ಮಾತ್ರಕ್ಕೆ ಕಳಂಕ ಕಡಿಮೆಯಾಗುವುದಿಲ್ಲ. ಅದನ್ನು ಹೊರಲು ಜೊತೆಯವರು ಸಿಕ್ಕಾಗ ಭಾರವಾದರೂ ಇಳಿಯುತ್ತದೆ.

1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯ ಪ್ರಕಾರ ರಚನೆಯಾಗುವ ಸ್ಥಳೀಯ ಮಟ್ಟದ ಸಮಿತಿಯಲ್ಲಿ ಜಿಲ್ಲಾಧಿಕಾರಿಯ ಸ್ಥಾನವಿದೆ. ಆದ್ದರಿಂದ ಅಧಿಕಾರವನ್ನು ಹೊಸದಾಗಿ ಹುಡುಕಬೇಕಿಲ್ಲ. ಕೆಜಿಎಫ್ ಮತ್ತು ಬಂಗಾರಪೇಟೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನ ಗೊತ್ತುಮಾಡಿ. ಅಂದು ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್, ಫೋನಿನಲ್ಲಾದರೂ ಬೆಂಗಳೂರಿನ ಆನುವಂಶಿಕ ಸಲಹೆಗಾರರು ಸಿಗಲಿ. ಅಂಗವಿಕಲರ ಯುಡಿಐಡಿ ಕಾರ್ಡು, ಅರ್ಹರಿಗೆ 1 ಲಕ್ಷ ರೂಪಾಯಿಯವರೆಗಿನ ನಿರಾಮಯ ಆರೋಗ್ಯ ವಿಮೆಯ ಅರ್ಜಿ ಅಲ್ಲೇ ಮುಗಿಯಲಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಹಳ್ಳಿಯ ಕುಟುಂಬಗಳನ್ನು ಕರೆತರಲಿ. ಅದೇ ದಿನ ಒಂದು ಕೋಣೆಯನ್ನು ತಂದೆತಾಯಿಯರಿಗೇ ಬಿಟ್ಟುಕೊಡಿ. ಕನ್ನಡ, ತಮಿಳು, ತೆಲುಗು ಮೂರೂ ಅಲ್ಲಿ ನಡೆಯಲಿ. ಒಂದು ವರ್ಷ ನಡೆಸಿ, ಎಷ್ಟು ಮಕ್ಕಳಿಗೆ ರೋಗನಿರ್ಣಯವಾಯಿತು, ಎಷ್ಟು ಮನೆಗಳಿಗೆ ಕಾರ್ಡು ಸಿಕ್ಕಿತು ಎಂದು ಜನರ ಮುಂದಿಡಿ. ಮುಂದುವರಿಸಬೇಕೋ ಬೇಡವೋ ಎಂಬುದನ್ನು ಆ ಲೆಕ್ಕವೇ ತೀರ್ಮಾನಿಸಲಿ.

ಇಂತಿ ತಮ್ಮ ವಿಶ್ವಾಸಿ,
ಕೋರಮಂಡಲ್‌ನ ಒಬ್ಬ ನಾಗರಿಕ